ಹಳೆಯ ಎಂಎಕ್ಸ್-5: ಹೊಸ ಕಿಟ್‌ಗೆ ಮುಂಚೆ ಹಳೆಯ ರಬ್ಬರ್ ನೋಡಿ

ಪ್ರಶ್ನೆ: 1991ರ ಮಾಜ್ದಾ ಎಂಎಕ್ಸ್-5 ಕಾರು ಕೊಂಡಿದ್ದೇನೆ. 1.6 ಲೀಟರ್ ಎಂಜಿನ್, ಎಬಿಎಸ್ ಇಲ್ಲ. ಹಿಂದಿನ ಮಾಲೀಕರು ಹಲವು ವರ್ಷ ಓಡಿಸದೆ ನಿಲ್ಲಿಸಿದ್ದರು. ಬ್ರೇಕ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಎತ್ತಿದರೂ ಸರಿಯಾಗಿ ಹಿಡಿಯುವುದಿಲ್ಲ. ಗುಂಡಿಗೆ ಇಳಿದರೆ ಮುಂದಿನಿಂದ ಟಕ್ ಟಕ್ ಸದ್ದು. ತಿರುವಿನ ಮಧ್ಯೆ ಉಬ್ಬು ಸಿಕ್ಕಿದರೆ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತದೆ. ಎತ್ತರ ತಗ್ಗಿಸುವ ಕಾಯಿಲ್‌ಓವರ್ ಸೆಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಜೋಡಣೆ), ದೊಡ್ಡ ಬ್ರೇಕ್ ಕಿಟ್ ಎರಡನ್ನೂ ಹಾಕಿಸಿದರೆ ಎಲ್ಲ ಒಟ್ಟಿಗೆ ಸರಿಹೋಗುತ್ತದೆಯೇ? ಇದರಲ್ಲಿ ನಾನೇ ಮಾಡಬಹುದಾದ ಕೆಲಸ ಎಷ್ಟು?

ಉತ್ತರ: ಎರಡೂ ಕಿಟ್‌ಗಳನ್ನು ಸದ್ಯಕ್ಕೆ ಕೊಳ್ಳಬೇಡಿ. ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದಕ್ಕೂ ಅವು ಉತ್ತರವಲ್ಲ. ಮೂವತ್ತು ವರ್ಷ ದಾಟಿದ ಈ ಗಾಡಿಯಲ್ಲಿ ಮೊದಲು ಸೋಲುವುದು ರಬ್ಬರ್ ಮತ್ತು ಬ್ರೇಕ್ ಆಯಿಲ್: ಬುಷ್‌ಗಳು (ಸಸ್ಪೆನ್ಷನ್ ಕೀಲುಗಳ ರಬ್ಬರ್), ಬಂಪ್ ಸ್ಟಾಪ್‌ಗಳು (ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ರಬ್ಬರ್), ಬ್ರೇಕ್ ಹೋಸ್‌ಗಳು, ಕ್ಯಾಲಿಪರ್‌ನ (ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಸೀಲ್ ಮತ್ತು ಬೂಟ್‌ಗಳು. ಇವು ಹಳತಾಗಿರುವಾಗ ಮೇಲೆ ಎಷ್ಟು ಒಳ್ಳೆಯ ಶಾಕ್ ಅಬ್ಸಾರ್ಬರ್ ಕೂರಿಸಿದರೂ ಅದರ ಗುಣ ಚಕ್ರದವರೆಗೆ ತಲುಪುವುದಿಲ್ಲ. ಗಾಡಿಯನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ತಂದು, ಕೆಲವು ತಿಂಗಳು ಓಡಿಸಿ, ಆಮೇಲೆ ಏನು ಬೇಕೆಂದು ನಿರ್ಧರಿಸಿ. ಮುಂದೆಯೂ ಹಿಂದೆಯೂ ಡಬಲ್ ವಿಶ್‌ಬೋನ್ (ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್) ಇರುವ, ಒಂದು ಟನ್ನಿಗಿಂತ ಹಗುರವಾದ ಈ ಗಾಡಿ ಸುಸ್ಥಿತಿಯಲ್ಲಿದ್ದರೆ ಎಷ್ಟು ಚೆನ್ನಾಗಿ ತಿರುಗುತ್ತದೆ ಎಂಬುದೇ ಅನೇಕ ಮಾಲೀಕರಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಅವರು ಓಡಿಸಿರುವುದು ಸವೆದ ಗಾಡಿಯನ್ನೇ.

ಎತ್ತುವ ಮುಂಚೆ

ಮೊದಲು ಟೈರ್ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ತಯಾರಿಕಾ ಸಂಕೇತವಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹಲವು ವರ್ಷ ಒಂದೇ ಕಡೆ ನಿಂತ ಟೈರ್ ಗಟ್ಟಿಯಾಗಿರುತ್ತದೆ, ಹಲ್ಲು ಆಳವಾಗಿದ್ದರೂ ಅದನ್ನು ನಂಬಬಾರದು. ಮೂಲ ಅಳತೆ 185/60 ಆರ್14, ಗಾಳಿ 26 ಪಿಎಸ್‌ಐ. ಗಟ್ಟಿ ಟೈರ್ ಇಟ್ಟುಕೊಂಡು ಸಸ್ಪೆನ್ಷನ್ ಪರೀಕ್ಷಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಟ್ಟುಕೊಳ್ಳಿ. ಈ ನಾಲ್ಕು ಸಂಖ್ಯೆಗಳು ಮುಂದೆ ಬುಷ್ ಬೋಲ್ಟು ಬಿಗಿಯುವಾಗ ಬೇಕೇ ಬೇಕು.

ಜ್ಯಾಕ್ ಕೊಡುವ ಜಾಗ ಮುಂದೆ ಕ್ರಾಸ್‌ಮೆಂಬರ್‌ನ ಮಧ್ಯ, ಹಿಂದೆ ಡಿಫರೆನ್ಷಿಯಲ್ ಕೆಳಗೆ. ಸ್ಟ್ಯಾಂಡ್ ಇಡುವ ಮೊದಲು ಬಾಗಿಲ ಕೆಳಗಿನ ಸಿಲ್ ಅನ್ನು, ಅದರಲ್ಲೂ ಹಿಂದಿನ ಚಕ್ರದ ಮುಂದಿರುವ ಭಾಗವನ್ನು, ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಈ ಗಾಡಿಗಳಲ್ಲಿ ತುಕ್ಕು ಮೊದಲು ತಿನ್ನುವ ಜಾಗ ಅದು. ಸದ್ದು ಮಂಕಾಗಿದ್ದರೆ, ಪುಡಿ ಉದುರಿದರೆ ಸ್ಟ್ಯಾಂಡ್ ಅಲ್ಲಿ ನಿಲ್ಲುವುದಿಲ್ಲ. ಲೋಹದ ಕೆಲಸ ಮೊದಲು ಆಗಬೇಕು. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ.

ಎಡಕ್ಕೆ ಎಳೆಯುವುದು ಏಕೆ

ಎಡಕ್ಕೆ ಎಳೆದಾಗ ಎಲ್ಲರೂ ಎಡ ಚಕ್ರ ಬಿಚ್ಚುತ್ತಾರೆ. ಕೆಟ್ಟಿರುವುದು ಬಹಳ ಸಲ ಬಲಗಡೆಯದು. ಬಲ ಕ್ಯಾಲಿಪರ್ ಸರಿಯಾಗಿ ಒತ್ತದಿದ್ದರೆ ಎಡದ್ದೊಂದೇ ದುಡಿದು ಗಾಡಿಯನ್ನು ತನ್ನ ಕಡೆ ತಿರುಗಿಸುತ್ತದೆ. ತಿಳಿಯುವ ದಾರಿ ಸುಲಭ: ಖಾಲಿ ರಸ್ತೆಯಲ್ಲಿ ಕೆಲವು ಸಲ ಮಧ್ಯಮವಾಗಿ ಬ್ರೇಕ್ ಹಾಕಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎರಡೂ ಮುಂದಿನ ಡಿಸ್ಕ್‌ಗಳ ಬಿಸಿ ನೋಡಿ. ಬಲಗಡೆ ತಣ್ಣಗಿದ್ದರೆ ಬಲದ್ದು ದುಡಿಯುತ್ತಿಲ್ಲ. ಆಮೇಲೆ ಬ್ರೇಕ್ ಮುಟ್ಟದೆಯೇ ಒಂದಷ್ಟು ದೂರ ಹೋಗಿ ಮತ್ತೆ ಅಳೆಯಿರಿ. ಈಗ ಎಡದ್ದು ಬಿಸಿಯಾಗಿದ್ದರೆ ಅದು ಬಿಡುತ್ತಿಲ್ಲ. ಎರಡು ಪರೀಕ್ಷೆಗಳ ಫಲ ಬೇರೆ, ಮದ್ದೂ ಬೇರೆ.

ದುಡಿಯದ ಕ್ಯಾಲಿಪರ್‌ನಲ್ಲಿ ಸಾಮಾನ್ಯವಾಗಿ ಸ್ಲೈಡ್ ಪಿನ್ ಒಣಗಿ ಹಿಡಿದಿರುತ್ತದೆ, ಇಲ್ಲವೇ ಪಿಸ್ಟನ್ ತುಕ್ಕಿನಿಂದ ಅಲ್ಲಾಡದಂತಾಗಿರುತ್ತದೆ. ಬಿಡದ ಕ್ಯಾಲಿಪರ್‌ಗೆ ಇವೆರಡರ ಜೊತೆ ಮೂರನೆಯ ಕಾರಣವೂ ಉಂಟು: ರಬ್ಬರ್ ಹೋಸ್. ಹೊರಗಿನಿಂದ ಚೆನ್ನಾಗಿ ಕಾಣುವ ಹೋಸ್ ಒಳಗೆ ಉಬ್ಬಿ ರಂಧ್ರ ಕಿರಿದಾಗಿರುತ್ತದೆ. ಪೆಡಲ್ ಒತ್ತಿದಾಗ ಬರುವ ಭಾರಿ ಒತ್ತಡಕ್ಕೆ ಆಯಿಲ್ ನುಗ್ಗುತ್ತದೆ, ಆದರೆ ಕಾಲು ತೆಗೆದಾಗ ವಾಪಸು ಹೋಗಲು ಬೇಕಾದ ಬಲ ಪಿಸ್ಟನ್‌ಗೆ ಇರುವುದಿಲ್ಲ. ಪರೀಕ್ಷೆ: ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರ್‌ನ ಬ್ಲೀಡ್ ಸ್ಕ್ರೂ (ಆಯಿಲ್, ಗಾಳಿ ಹೊರಬಿಡುವ ಸ್ಕ್ರೂ) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ತಕ್ಷಣ ಸಲೀಸಾಗಿ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು, ಹೋಸ್ ಮೇಲೆ ಅನುಮಾನ. ಹಾಗೂ ಬಿಡದಿದ್ದರೆ ಪಿಸ್ಟನ್ ಅಥವಾ ಪಿನ್. ಪರೀಕ್ಷೆ ಏನೇ ಹೇಳಲಿ, ಈ ವಯಸ್ಸಿನ ಗಾಡಿಗೆ ನಾಲ್ಕೂ ಹೋಸ್ ಹೊಸದು ಹಾಕಿ.

ಕ್ಯಾಲಿಪರ್ ಬಿಚ್ಚಿ ಕಟ್ಟುವುದು

ಮುಂದಿನ ಕ್ಯಾಲಿಪರ್ ಮನೆಯಲ್ಲೇ ಕಟ್ಟಬಹುದು. ಪಿಸ್ಟನ್ ಹೊರತೆಗೆಯಲು ಗಾಳಿ ಬಳಸುವುದಾದರೆ ಎದುರಿಗೆ ಮರದ ತುಂಡು ಇಟ್ಟು ಕಡಿಮೆ ಒತ್ತಡದಲ್ಲಿ ಊದಿ. ಬೆರಳು ಅಲ್ಲಿ ಇರಕೂಡದು, ಪಿಸ್ಟನ್ ಗುಂಡಿನ ವೇಗದಲ್ಲಿ ಬರುತ್ತದೆ. ಪಿಸ್ಟನ್‌ನ ಕ್ರೋಮ್ ಮೇಲೆ ಸೀಲ್ ಓಡಾಡುವ ಭಾಗದಲ್ಲಿ ಚಿಕ್ಕ ಗುಳಿ ಕಂಡರೂ ಅದನ್ನು ಬದಲಿಸಿ, ಉಜ್ಜಿ ಸರಿಮಾಡಲು ಹೋಗಬೇಡಿ. ಸೀಲ್ ಕೂರುವ ತೋಡಿನಲ್ಲಿ ಗಟ್ಟಿಯಾದ ಕೊಳೆ ಇರುತ್ತದೆ, ಅದನ್ನು ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು ತೆಗೆಯಿರಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಚೌಕಾಕಾರದ ಆ ಸೀಲ್ ಬ್ರೇಕ್ ಒತ್ತಿದಾಗ ಪಿಸ್ಟನ್ ಜೊತೆ ಸ್ವಲ್ಪ ಬಾಗಿ, ಬಿಟ್ಟಾಗ ಸೆಟೆದು ಅದನ್ನು ಕೂದಲೆಳೆಯಷ್ಟು ಹಿಂದೆಳೆಯುತ್ತದೆ. ತೋಡಿನಲ್ಲಿ ಕೊಳೆ ಇದ್ದರೆ ಸೀಲ್ ಬಾಗಲು ಜಾಗವಿಲ್ಲ, ಪ್ಯಾಡ್ ಡಿಸ್ಕ್‌ಗೆ ಅಂಟಿಕೊಂಡೇ ಇರುತ್ತದೆ. ಹೊಸ ಸೀಲ್ ಹಾಕಿದರೂ ಬ್ರೇಕ್ ಹಿಡಿದುಕೊಳ್ಳುತ್ತದೆ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಸೀಲ್ ಮತ್ತು ಪಿಸ್ಟನ್‌ಗೆ ಹೊಸ ಬ್ರೇಕ್ ಆಯಿಲ್ ಅಥವಾ ಬ್ರೇಕ್ ರಬ್ಬರ್‌ಗೆಂದೇ ಬರುವ ಕೆಂಪು ಗ್ರೀಸ್ ಸವರಿ. ಪೆಟ್ರೋಲಿಯಂ ಮೂಲದ ಮಾಮೂಲಿ ಗ್ರೀಸ್ ಈ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತದೆ. ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್. ಪಿನ್ ಬೆರಳಲ್ಲೇ ಸಲೀಸಾಗಿ ಜಾರಬೇಕು. ಪ್ಯಾಡ್‌ನ ಕಿವಿಗಳು ಕೂರುವ ಜಾಗದಲ್ಲಿ ಸ್ಟೀಲ್ ಕ್ಲಿಪ್ ತೆಗೆದು, ಅದರ ಅಡಿ ಬೆಳೆದ ತುಕ್ಕನ್ನು ಅರದಿಂದ ಉಜ್ಜಿ ಮಟ್ಟ ಮಾಡಿ. ತುಕ್ಕು ಕ್ಲಿಪ್ಪನ್ನು ಮೇಲಕ್ಕೆತ್ತಿದರೆ ಹೊಸ ಪ್ಯಾಡ್ ಸಿಕ್ಕಿಕೊಳ್ಳುತ್ತದೆ. ಆಗ ಪ್ಯಾಡ್‌ನ ಕಿವಿ ಉಜ್ಜಿ ಸಣ್ಣ ಮಾಡುವುದು ತಪ್ಪು.

ಹಿಂದಿನ ಕ್ಯಾಲಿಪರ್ ಒಳಗೆ ಹ್ಯಾಂಡ್‌ಬ್ರೇಕ್‌ನ ಯಂತ್ರವೂ ಇದೆ. ಬೂಟ್ ಹರಿದು ನೀರು ಒಳಹೋಗಿದ್ದರೆ, ಕೇಬಲ್ ಸಿಕ್ಕುವ ಲಿವರ್ ತಾನಾಗಿ ವಾಪಸು ಬರದಿದ್ದರೆ, ರೀಬಿಲ್ಟ್ ಮಾಡಿದ ಜೋಡಿ ಕೊಳ್ಳುವುದೇ ಜಾಣತನ.

ಹಿಂದಿನ ಪ್ಯಾಡ್ ಬದಲಿಸುವಾಗ ಪಿಸ್ಟನ್ ಅನ್ನು ಸಿ-ಕ್ಲ್ಯಾಂಪ್‌ನಿಂದ ಒತ್ತಬೇಡಿ. ಕ್ಯಾಲಿಪರ್ ಹಿಂಬದಿಯಲ್ಲಿ 14 ಮಿಮೀ ತಲೆಯ ಮುಚ್ಚಳ ಬೋಲ್ಟು ಇದೆ. ಅದನ್ನು ತೆಗೆದರೆ ಒಳಗೆ 4 ಮಿಮೀ ಅಲೆನ್ ಕೀ ಹಿಡಿಯುವ ಸ್ಕ್ರೂ ಸಿಗುತ್ತದೆ. ಅಪ್ರದಕ್ಷಿಣವಾಗಿ ತಿರುಗಿಸಿದರೆ ಪಿಸ್ಟನ್ ಒಳಹೋಗುತ್ತದೆ. ಪ್ಯಾಡ್, ಡಿಸ್ಕ್ ಕೂರಿಸಿದ ಮೇಲೆ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿ ಕೇಬಲ್ ಸಡಿಲವಾಗಿರುವಾಗ, ಪ್ಯಾಡ್ ಡಿಸ್ಕನ್ನು ಹಿಡಿಯುವವರೆಗೆ ಪ್ರದಕ್ಷಿಣವಾಗಿ ತಿರುಗಿಸಿ, ಅಲ್ಲಿಂದ ಮೂರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಎರಡೂ ಕಡೆ ಹೀಗೆ ಮಾಡಿದ ನಂತರವೇ ಒಳಗಿನ ಹ್ಯಾಂಡ್‌ಬ್ರೇಕ್ ಲಿವರ್ ಬುಡದ ನಟ್ಟಿನಿಂದ ಕೇಬಲ್ ಹೊಂದಿಸಿ. ಎಳೆದಾಗ 5ರಿಂದ 7 ಟಿಕ್ಕಿಗೆ ಹಿಡಿಯಬೇಕು. ನಿಮ್ಮ ಹ್ಯಾಂಡ್‌ಬ್ರೇಕ್ ತೊಂದರೆಗೆ ಬಹುಪಾಲು ಮದ್ದು ಇಷ್ಟೇ. ಕ್ಯಾಲಿಪರ್ ಮುಟ್ಟದೆ ಕೇಬಲ್ಲನ್ನಷ್ಟೇ ಬಿಗಿದರೆ ಲಿವರ್‌ಗಳು ಯಾವಾಗಲೂ ಅರ್ಧ ಎಳೆದ ಸ್ಥಿತಿಯಲ್ಲಿ ಉಳಿದು ಸ್ವಯಂ ಹೊಂದಾಣಿಕೆ ಕೆಲಸ ಮಾಡುವುದಿಲ್ಲ. ಜೊತೆಗೆ, ಈ ಹೊಂದಾಣಿಕೆ ತಪ್ಪಿದರೆ ಕಾಲಿನ ಪೆಡಲ್ಲೂ ಉದ್ದ ಹೋಗುತ್ತದೆ. ಎಷ್ಟೋ ಜನ ಇದನ್ನು ಗಾಳಿ ಸೇರಿಕೊಂಡಿದೆ ಎಂದು ತಿಳಿದು ಮತ್ತೆ ಮತ್ತೆ ಬ್ಲೀಡ್ ಮಾಡುತ್ತಿರುತ್ತಾರೆ.

ಡಿಸ್ಕ್, ಪ್ಯಾಡ್, ಆಯಿಲ್

ಡಿಸ್ಕ್‌ನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಮುದ್ರಿಸಿರುತ್ತಾರೆ. ನಿಮ್ಮ ಗಾಡಿಯ ಮುಂದಿನ ಡಿಸ್ಕ್ 235 ಮಿಮೀ ವ್ಯಾಸ, ಹೊಸದರಲ್ಲಿ 18 ಮಿಮೀ ದಪ್ಪ. ಹಿಂದಿನದು 231 ಮಿಮೀ. ಹೊಸ ಡಿಸ್ಕ್ ಕೂರಿಸುವ ಮೊದಲು ಹಬ್‌ನ ಮುಖವನ್ನು ವೈರ್ ಬ್ರಶ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ಅಲ್ಲಿ ಉಳಿದ ತುಕ್ಕಿನ ಚೂರು ಡಿಸ್ಕನ್ನು ಓರೆ ಮಾಡುತ್ತದೆ. ಓರೆ ಡಿಸ್ಕ್ ಪ್ರತಿ ಸುತ್ತಿಗೂ ಪ್ಯಾಡನ್ನು ಒಂದೇ ಜಾಗದಲ್ಲಿ ಉಜ್ಜಿ, ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ದಪ್ಪದಲ್ಲೇ ವ್ಯತ್ಯಾಸ ಬಂದು ಸ್ಟೀರಿಂಗ್ ನಡುಗುತ್ತದೆ. ಇದನ್ನು ಡಿಸ್ಕ್ ಬೆಂಡಾಯಿತು ಎನ್ನುತ್ತಾರೆ, ಬೆಂಡಾಗಿರುವುದಿಲ್ಲ. ಚಕ್ರದ ನಟ್ಟುಗಳಿಂದ ಡಿಸ್ಕನ್ನು ಬಿಗಿದು ಡಯಲ್ ಗೇಜ್ ಇಟ್ಟು ತಿರುಗಿಸಿ; ಓಲಾಟ 0.1 ಮಿಮೀ ಒಳಗಿರಲಿ. ಹೆಚ್ಚಿದ್ದರೆ ಡಿಸ್ಕನ್ನು ಒಂದು ಸ್ಟಡ್ ಸರಿಸಿ ಕೂರಿಸಿ ಮತ್ತೆ ಅಳೆಯಿರಿ.

ಪ್ಯಾಡ್‌ಗೆ ರಸ್ತೆಗೆಂದು ಮಾಡಿದ ಒಳ್ಳೆಯ ಸೆಟ್ ಸಾಕು. ರೇಸ್ ಪ್ಯಾಡ್ ತಣ್ಣಗಿರುವಾಗ ಹಿಡಿಯುವುದಿಲ್ಲ. ಮನೆಯಿಂದ ಹೊರಟ ಮೊದಲ ತಿರುವಿನಲ್ಲಿ ಅದು ನಿಜವಾದ ಅಪಾಯ.

ಹಲವು ವರ್ಷ ನಿಂತ ಗಾಡಿಯ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ. ಡಾಟ್ 4 ಮಾನದಂಡದಲ್ಲಿ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ, ನೀರು ಸೇರಿದ ಮೇಲೆ 155 ಡಿಗ್ರಿ. ಇಳಿಜಾರಿನಲ್ಲಿ ಬಿಡದೆ ಬ್ರೇಕ್ ಹಾಕಿದಾಗ ಈ ಅಂತರವೇ ಪೆಡಲ್ ನೆಲ ಮುಟ್ಟಲು ಕಾರಣ. ಒಂದು ಲೀಟರ್ ಡಾಟ್ 4 ಇಟ್ಟುಕೊಂಡರೆ ಇಡೀ ವ್ಯವಸ್ಥೆ ತೊಳೆದೂ ಉಳಿಯುತ್ತದೆ. ಸಿಲಿಕೋನ್ ಮೂಲದ ಡಾಟ್ 5 ಬೇಡ, ಅದು ಹಳೆಯದರ ಜೊತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆಯೇ ಪದಾರ್ಥ, ಅದನ್ನು ಹಾಕಬಹುದು. ಚೆಲ್ಲಿದ ಆಯಿಲ್ ಪೇಂಟ್ ತಿನ್ನುತ್ತದೆ, ತಕ್ಷಣ ನೀರು ಸುರಿದು ತೊಳೆಯಿರಿ.

ಬ್ಲೀಡ್ ಮಾಡುವುದು ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಅತಿ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ್ದರ ಕಡೆಗೆ. ಪೆಡಲ್ ಅಡಿ ಒಂದು ಮರದ ತುಂಡು ಇಡಿ, ಪೂರ್ತಿ ಕೆಳಗೆ ಹೋಗದಂತೆ. ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ವರ್ಷಗಟ್ಟಲೆ ಓಡಾಡಿರದ ಭಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಪೆಡಲ್ ನೆಲಕ್ಕೆ ತುಳಿದರೆ ಸೀಲ್ ಅದರ ಮೇಲೆ ಹೋಗಿ ಹರಿಯುತ್ತದೆ. ಬ್ಲೀಡ್ ಮಾಡುವವರೆಗೆ ಚೆನ್ನಾಗಿದ್ದ ಸಿಲಿಂಡರ್ ಮರುದಿನ ಸೋರುವುದು ಹೀಗೆ. ಬ್ಲೀಡ್ ಸ್ಕ್ರೂಗೆ 6ರಿಂದ 9 ನ್ಯೂಟನ್ ಮೀಟರ್ ಸಾಕು, ಹೋಸನ್ನು ಕ್ಯಾಲಿಪರ್‌ಗೆ ಸೇರಿಸುವ ಟೊಳ್ಳಾದ ಬ್ಯಾಂಜೋ ಬೋಲ್ಟಿಗೆ 22ರಿಂದ 29, ಪ್ರತಿ ಸಲ ಹೊಸ ತಾಮ್ರದ ವಾಷರ್ ಜೊತೆಗೆ. ಕ್ಯಾಲಿಪರ್ ಬ್ರ್ಯಾಕೆಟ್ ಬೋಲ್ಟಿಗೆ 49ರಿಂದ 69. ಸ್ಟೀಲ್ ಪೈಪಿನ 10 ಮಿಮೀ ನಟ್ಟಿಗೆ ಮಾಮೂಲಿ ಸ್ಪ್ಯಾನರ್ ಹಾಕಬೇಡಿ, ಮೂಲೆ ಉರುಟಾಗುತ್ತದೆ. ಫ್ಲೇರ್ ನಟ್ ಸ್ಪ್ಯಾನರ್ ಬೇಕು. ನಟ್ಟಿನ ಜೊತೆ ಪೈಪೂ ತಿರುಗತೊಡಗಿದರೆ ನಿಲ್ಲಿಸಿ. ಆ ಪೈಪ್ ಬದಲಿಸುವುದೇ ದಾರಿ.

ಟಕ್ ಟಕ್ ಸದ್ದು

ಮೊದಲು ಸ್ಟೆಬಿಲೈಸರ್ ಬಾರ್‌ನ (ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಕಂಬಿ) ಲಿಂಕ್ ನೋಡಿ, ಸಣ್ಣ ಗುಂಡಿಯ ಸದ್ದಿಗೆ ಬಹಳ ಸಲ ಅದೇ ಕಾರಣ. ಲಿಂಕ್ ಬಿಚ್ಚುವಾಗ ಎಡ ಬಲ ಚಕ್ರಗಳು ಒಂದೇ ಎತ್ತರದಲ್ಲಿರಲಿ, ಇಲ್ಲವಾದರೆ ಬಾರ್ ಸೆಟೆದುಕೊಂಡು ಬೋಲ್ಟು ಹೊರಬರುವುದಿಲ್ಲ. ಆಮೇಲೆ ಬಾಲ್ ಜಾಯಿಂಟ್: ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರು ಜಾಯಿಂಟ್ ಮೇಲೆ ಬೆರಳಿಟ್ಟಿರಲಿ. ಮುಂದಿನ ಕೆಳ ಜಾಯಿಂಟ್ ಬೋಲ್ಟಿನಿಂದ ಕೂರುತ್ತದೆ, ಬದಲಿಸುವುದು ಸುಲಭ. ಮೇಲಿನದು ಆರ್ಮ್ ಜೊತೆಯೇ ಬರುತ್ತದೆ. ಜಾಯಿಂಟ್‌ಗಳು ಗಟ್ಟಿಯಾಗಿದ್ದೂ ಚಕ್ರ ಅಲ್ಲಾಡಿದರೆ ಬೇರಿಂಗ್. ಹಬ್ ನಟ್ಟು ಮುಂದೆ 167ರಿಂದ 216, ಹಿಂದೆ 217ರಿಂದ 294 ನ್ಯೂಟನ್ ಮೀಟರ್. ಅಂದಾಜಿನಲ್ಲಿ ಬಿಗಿಯುವ ನಟ್ಟು ಇದಲ್ಲ.

ಹಿಂಭಾಗ ಜಿಗಿಯುವುದು

ಎತ್ತರ ತಗ್ಗಿಸಬೇಡಿ ಎಂದದ್ದು ಇದಕ್ಕೇ. ಈ ಗಾಡಿಯ ಸಸ್ಪೆನ್ಷನ್‌ಗೆ ಮೇಲಕ್ಕೆ ಚಲಿಸಲು ಇರುವ ಜಾಗವೇ ಕಡಿಮೆ. ಆದ್ದರಿಂದ ಬಂಪ್ ಸ್ಟಾಪ್ ಇಲ್ಲಿ ಎರಡನೆಯ ಸ್ಪ್ರಿಂಗ್‌ನಂತೆ ದುಡಿಯುತ್ತದೆ. ಮೂಲ ಬಂಪ್ ಸ್ಟಾಪ್ ಈ ವಯಸ್ಸಿಗೆ ಪುಡಿಪುಡಿಯಾಗಿರುತ್ತದೆ. ಅದಿಲ್ಲದೆ, ಕುಗ್ಗಿದ ಸ್ಪ್ರಿಂಗ್ ಮತ್ತು ಸತ್ತ ಶಾಕ್ ಜೊತೆ ತಿರುವಿನಲ್ಲಿ ಉಬ್ಬು ಸಿಕ್ಕಿದರೆ ಹಿಂದಿನ ಹೊರ ಚಕ್ರ ಲೋಹಕ್ಕೆ ಲೋಹ ಬಡಿದು ನಿಲ್ಲುತ್ತದೆ. ಆ ಕ್ಷಣ ಆ ಟೈರ್ ಮೇಲಿನ ಭಾರ ಏಕಾಏಕಿ ಏರಿ ಹಿಡಿತ ತಪ್ಪುತ್ತದೆ. ನಿಮಗಾಗುತ್ತಿರುವುದು ಬಹುಶಃ ಇದೇ. ಇನ್ನೂ ತಗ್ಗಿಸಿದರೆ ಉಳಿದ ಚಲನೆಯನ್ನೂ ಕಳೆದುಕೊಳ್ಳುತ್ತೀರಿ.

ಖಚಿತ ಮಾಡಿಕೊಳ್ಳಲು ಧೂಳಿನ ಬೂಟನ್ನು ಮೇಲಕ್ಕೆ ಸರಿಸಿ ಶಾಕ್‌ನ ದಂಡಕ್ಕೆ ತೆಳು ಕೇಬಲ್ ಟೈ ಕಟ್ಟಿ ಒಂದು ಸುತ್ತು ಓಡಿಸಿ ಬನ್ನಿ. ಟೈ ತುತ್ತತುದಿವರೆಗೆ ತಳ್ಳಲ್ಪಟ್ಟಿದ್ದರೆ ಉತ್ತರ ಸಿಕ್ಕಿತು. ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯಿತು ಎಂದು ಎಣಿಸುವ ಹಳೆಯ ಪರೀಕ್ಷೆ ಪೂರ್ತಿ ಸತ್ತ ಶಾಕನ್ನು ಮಾತ್ರ ಹಿಡಿಯುತ್ತದೆ, ಅರ್ಧ ಸವೆದದ್ದನ್ನು ಅಲ್ಲ.

ಹೊಸ ಶಾಕ್ ನಾಲ್ಕು, ಹೊಸ ಬಂಪ್ ಸ್ಟಾಪ್, ಹೊಸ ಟಾಪ್ ಮೌಂಟ್ ರಬ್ಬರ್, ಸ್ಪ್ರಿಂಗ್ ಕುಗ್ಗಿದ್ದರೆ ಮೂಲ ಎತ್ತರದ ಸ್ಪ್ರಿಂಗ್. ಕೆವೈಬಿ, ಬಿಲ್‌ಸ್ಟೈನ್, ಕೋನಿ ಮೂರರಲ್ಲೂ ಈ ಗಾಡಿಗೆ ಶಾಕ್ ಬಂದಿವೆ. ಸ್ಪ್ರಿಂಗ್ ಕಂಪ್ರೆಸರ್‌ನ ಎರಡು ಕೊಕ್ಕೆಗಳನ್ನು ಎದುರುಬದುರು ಹಾಕಿ ಒಂದೊಂದಾಗಿ ಸಮನಾಗಿ ಬಿಗಿಯಿರಿ. ಸ್ಪ್ರಿಂಗ್ ತನ್ನ ತಟ್ಟೆಯಿಂದ ಸಡಿಲವಾದದ್ದು ಕಣ್ಣಿಗೆ ಕಾಣುವವರೆಗೆ ಮೇಲಿನ ನಟ್ಟು ಮುಟ್ಟಬೇಡಿ. ಹೊಸ ಶಾಕ್‌ನ ನಟ್ಟಿಗೆ ಇಂಪ್ಯಾಕ್ಟ್ ಗನ್ ಬೇಡ, ದಂಡ ಗಿರ್ರನೆ ತಿರುಗಿ ಸೀಲ್ ಕೆಡುತ್ತದೆ. ದಂಡವನ್ನು ಇಕ್ಕಳದಿಂದ ಹಿಡಿದರೂ ಅಷ್ಟೇ: ಒಂದು ಗೀರು ಸಾಕು, ಕೆಲವೇ ದಿನಗಳಲ್ಲಿ ಆಯಿಲ್ ಸೋರಲು. ಟ್ವಿನ್ ಟ್ಯೂಬ್ ಶಾಕ್ ಆದರೆ ಕೂರಿಸುವ ಮೊದಲು ನೇರ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ, ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಹೋಗುತ್ತದೆ.

ಬುಷ್, ಮತ್ತು ಬಿಡದ ಬೋಲ್ಟುಗಳು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲಿ. ಕೆಳ ಆರ್ಮ್‌ಗಳು ಅಲೈನ್‌ಮೆಂಟ್ (ಚಕ್ರಗಳ ಕೋನ) ಹೊಂದಿಸುವ ಕ್ಯಾಮ್ ಬೋಲ್ಟುಗಳ ಮೇಲೆ ಕೂರುತ್ತವೆ: ಒಂದೊಂದು ಚಕ್ರಕ್ಕೆ ಎರಡು, ಒಟ್ಟು ಎಂಟು. ಇವು ಬುಷ್‌ನ ಒಳಗಿನ ಲೋಹದ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಹಿಂದಿನ ಅಪ್‌ರೈಟ್‌ನ (ಚಕ್ರದ ಹಬ್ ಹೊತ್ತಿರುವ ಭಾಗ) ಬುಡದಲ್ಲಿ ಹಾದುಹೋಗುವ ಉದ್ದ ಬೋಲ್ಟು ಇವುಗಳಿಗಿಂತ ಹಟಮಾರಿ. ಕೆಲಸಕ್ಕೆ ಒಂದು ವಾರ ಮುಂಚಿನಿಂದ ದಿನವೂ ಪೆನೆಟ್ರೇಟಿಂಗ್ ಆಯಿಲ್ ಹಾಕುತ್ತಾ ಬನ್ನಿ. ಬಿಚ್ಚುವ ಮುಂಚೆ ಪ್ರತಿ ಕ್ಯಾಮ್‌ನ ಸ್ಥಾನಕ್ಕೆ ಪೇಂಟ್ ಗುರುತು ಹಾಕಿ. ನಟ್ಟನ್ನು ಪೂರ್ತಿ ತೆಗೆಯದೆ ಸಡಿಲಿಸಿ, ಬೋಲ್ಟಿನ ತಲೆ ತಿರುಗಿಸಿ ನೋಡಿ. ಬೋಲ್ಟಿನ ಜೊತೆ ರಬ್ಬರ್ ಹಿಸುಕಿಕೊಂಡು ಸ್ಪ್ರಿಂಗಿನಂತೆ ವಾಪಸು ಬಂದರೆ ಅದು ಅಂಟಿದೆ. ಉದ್ದದ ಪೈಪ್ ಹಾಕಿ ಬಲ ಪ್ರಯೋಗಿಸಿದರೆ ತಲೆ ಮುರಿಯುತ್ತದೆ. ಬುಷ್ ಮತ್ತು ಸಬ್‌ಫ್ರೇಮ್ ಕಿವಿಯ ನಡುವಿನ ಸಂದಿಯಲ್ಲಿ ರೆಸಿಪ್ರೊಕೇಟಿಂಗ್ ಗರಗಸ ಹಾಕಿ ಎರಡೂ ಕಡೆ ಕತ್ತರಿಸುವುದು ಸುರಕ್ಷಿತ. ಹೊಸ ಕ್ಯಾಮ್ ಬೋಲ್ಟು ಮೊದಲೇ ತರಿಸಿಟ್ಟುಕೊಂಡಿರಿ. ಕೂರಿಸುವಾಗ ಬೋಲ್ಟಿನ ನಡುಭಾಗಕ್ಕೆ ಆಂಟಿ-ಸೀಜ್ ಸವರಿ.

ಹಳೆಯ ಬುಷ್ ಒತ್ತಿ ತೆಗೆದು ಹೊಸದು ಕೂರಿಸಲು ಪ್ರೆಸ್ ಬೇಕು. ಆರ್ಮ್‌ಗಳನ್ನು ಬಿಚ್ಚಿ ಪ್ರೆಸ್ ಇರುವ ವರ್ಕ್‌ಶಾಪಿಗೆ ಕೊಡುವುದು ಬುದ್ಧಿವಂತಿಕೆ. ರಬ್ಬರೇ, ಪಾಲಿಯುರೆಥೇನೇ ಎಂದರೆ, ರಸ್ತೆಯ ಗಾಡಿಗೆ ಹೊಸ ರಬ್ಬರ್ ಎಂದೇ ಹೇಳುತ್ತೇನೆ. ಪಾಲಿ ಸ್ಟೀರಿಂಗ್‌ಗೆ ಚುರುಕು ಕೊಡುತ್ತದೆ ನಿಜ, ಆದರೆ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ, ರಸ್ತೆಯ ಒರಟು ಒಳಗೆ ಬರುತ್ತದೆ.

ರಬ್ಬರ್ ಹಾಕಿದರೆ ಒಂದು ನಿಯಮ ಮೀರಬಾರದು. ರಬ್ಬರ್ ಒಳ ಕೊಳವೆಗೂ ಹೊರ ಕೊಳವೆಗೂ ಅಂಟಿಕೊಂಡಿರುತ್ತದೆ. ಆರ್ಮ್ ಚಲಿಸುವಾಗ ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಬೋಲ್ಟು ಬಿಗಿದರೆ, ಗಾಡಿ ಇಳಿಸಿದಾಗ ಪ್ರತಿ ಬುಷ್ ತಿರುಚಿಕೊಂಡೇ ನಿಲ್ಲುತ್ತದೆ. ಎತ್ತರ ಹೆಚ್ಚಾಗಿ ಕಾಣುತ್ತದೆ, ಸವಾರಿ ಗಟ್ಟಿಯಾಗುತ್ತದೆ, ಹೊಸ ರಬ್ಬರ್ ಬೇಗ ಹರಿಯುತ್ತದೆ. ಆದ್ದರಿಂದ ಮೊದಲು ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಡಿ. ಅಪ್‌ರೈಟ್ ಅಡಿ ಜ್ಯಾಕ್ ಕೊಟ್ಟು, ಆರಂಭದಲ್ಲಿ ಬರೆದಿಟ್ಟ ಅಳತೆಗೆ ಚಕ್ರದ ನಡುಬಿಂದು ಬರುವವರೆಗೆ ಎತ್ತಿ, ಆಗ ಟಾರ್ಕ್ ಕೊಡಿ. ಹೊಸ ಸ್ಪ್ರಿಂಗ್ ಹಾಕಿದ್ದರೆ ಗಾಡಿಯನ್ನು ನೆಲಕ್ಕಿಳಿಸಿ, ಮೆಲ್ಲಗೆ ಹಿಂದೆ ಮುಂದೆ ಉರುಳಿಸಿ, ಹೊಸ ಎತ್ತರ ಅಳೆದು ಅದಕ್ಕೆ ಬಿಗಿಯಿರಿ.

ಸವೆದ ಬುಷ್ ಬ್ರೇಕಿನಲ್ಲೂ ಕಾಣಿಸಿಕೊಳ್ಳುತ್ತದೆ. ಬ್ರೇಕ್ ಒತ್ತಿದಾಗ ಕೆಳ ಆರ್ಮ್ ಹಿಂದಕ್ಕೆ ತಳ್ಳಲ್ಪಟ್ಟು ಆ ಚಕ್ರದ ಟೋ (ಮೇಲಿನಿಂದ ನೋಡಿದಾಗ ಒಳಗೆ ಅಥವಾ ಹೊರಗೆ ತಿರುಗಿರುವ ಪ್ರಮಾಣ) ಬದಲಾಗುತ್ತದೆ. ಎರಡೂ ಡಿಸ್ಕ್ ಸಮನಾಗಿ ಬಿಸಿಯಾಗಿಯೂ ಗಾಡಿ ಎಳೆಯುತ್ತಿದ್ದರೆ ಹುಡುಕಬೇಕಾದದ್ದು ಇಲ್ಲಿ.

ದೊಡ್ಡ ಬ್ರೇಕ್ ಮತ್ತು ಅಲೈನ್‌ಮೆಂಟ್

ನಿಮ್ಮ ಈಗಿನ ಬ್ರೇಕ್ ಸರಿಯಾಗಿದ್ದರೆ ನಾಲ್ಕೂ ಚಕ್ರಗಳನ್ನು ಲಾಕ್ ಮಾಡಬಲ್ಲದು. ಅಲ್ಲಿಂದಾಚೆ ನಿಲ್ಲುವ ದೂರ ತೀರ್ಮಾನಿಸುವುದು ಟೈರ್. ದೊಡ್ಡ ಡಿಸ್ಕ್ ಉಪಯೋಗಕ್ಕೆ ಬರುವುದು ಟ್ರ್ಯಾಕಿನಲ್ಲಿ ಮತ್ತೆ ಮತ್ತೆ ಬಿಸಿಯಾದಾಗ. ಮುಂದಿನದನ್ನು ಮಾತ್ರ ದೊಡ್ಡದು ಮಾಡಿದರೆ ಮುಂದು ಹಿಂದಿನ ಹಂಚಿಕೆ ಕೆಟ್ಟು ಹಿಂದಿನ ಬ್ರೇಕ್ ಸೋಮಾರಿಯಾಗುತ್ತದೆ. ಬೇಕೇ ಬೇಕೆಂದರೆ 1.8 ಲೀಟರ್ ಗಾಡಿಯ 255 ಮಿಮೀ ಮುಂದಿನ, 251 ಮಿಮೀ ಹಿಂದಿನ ಡಿಸ್ಕ್‌ಗಳನ್ನು ಅವುಗಳ ಬ್ರ್ಯಾಕೆಟ್, ಪ್ಯಾಡ್ ಸಮೇತ ನಾಲ್ಕೂ ಕಡೆ ಹಾಕಿ. ಕಾರ್ಖಾನೆಯೇ ತೂಗಿ ನೋಡಿದ ಹೊಂದಾಣಿಕೆ ಅದು.

ಹೊಸ ಪ್ಯಾಡ್, ಡಿಸ್ಕ್ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರಿನಿಂದ 20ಕ್ಕೆ ಎಂಟು ಹತ್ತು ಸಲ ದೃಢವಾಗಿ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಹೋಗಿ ತಣಿಸಿ. ಬಿಸಿ ಡಿಸ್ಕ್ ಮೇಲೆ ಪ್ಯಾಡ್ ಒತ್ತಿ ನಿಂತರೆ ಅಲ್ಲೇ ಅಚ್ಚು ಮೂಡುತ್ತದೆ.

ಅಲೈನ್‌ಮೆಂಟ್ ಎಲ್ಲದರ ಕೊನೆಗೆ, ಚಾಲಕನ ಸೀಟಿನಲ್ಲಿ ನಿಮ್ಮಷ್ಟು ಭಾರ ಇಟ್ಟು. ರಸ್ತೆಗೆ ಒಳ್ಳೆಯ ಆರಂಭ: ಮುಂದೆ ಕ್ಯಾಂಬರ್ (ಚಕ್ರದ ಪಕ್ಕಕ್ಕೆ ವಾಲುವಿಕೆ) ಮೈನಸ್ 1 ಡಿಗ್ರಿ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕೆ ವಾಲುವಿಕೆ) 4.5ರಿಂದ 5 ಡಿಗ್ರಿ, ಒಟ್ಟು ಟೋ-ಇನ್ ಸುಮಾರು 1.5 ಮಿಮೀ, ಹಿಂದೆ ಕ್ಯಾಂಬರ್ ಮೈನಸ್ 1.5 ಡಿಗ್ರಿ, ಒಟ್ಟು ಟೋ-ಇನ್ 1.5ರಿಂದ 3 ಮಿಮೀ. ಹಿಂದೆ ಟೋ-ಔಟ್ ಎಂದಿಗೂ ಬೇಡ, ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗಾಡಿ ಸುತ್ತುತ್ತದೆ. ಹಿಂಭಾಗ ಮೊದಲು ಹೊಂದಿಸಿ, ಆಮೇಲೆ ಮುಂದೆ, ಟೋ ಕೊನೆಗೆ. ಎಡ ಬಲ ಸಮನಾಗಿರುವುದು ನಿಖರ ಸಂಖ್ಯೆಗಿಂತ ಮುಖ್ಯ.

ನೀವೇ ಮಾಡಬಹುದಾದದ್ದು ಎಷ್ಟು ಎಂದರೆ: ಟಾರ್ಕ್ ರೆಂಚ್, ಗಟ್ಟಿ ಸ್ಟ್ಯಾಂಡ್, ಈ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ ಇದ್ದರೆ ಬುಷ್ ಪ್ರೆಸ್ ಮತ್ತು ಅಲೈನ್‌ಮೆಂಟ್ ಬಿಟ್ಟು ಎಲ್ಲವೂ. ಮೊದಲ ಬಾರಿ ಬ್ರೇಕ್ ಬಿಚ್ಚುತ್ತಿದ್ದರೆ ರಸ್ತೆಗಿಳಿಸುವ ಮುಂಚೆ ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಚಕ್ರದ ನಟ್ಟುಗಳನ್ನು 90ರಿಂದ 118 ನ್ಯೂಟನ್ ಮೀಟರ್‌ಗೆ ಬಿಗಿದು, 100 ಕಿಲೋಮೀಟರ್ ಓಡಿಸಿದ ಮೇಲೆ ಅವನ್ನೂ ಕ್ಯಾಮ್ ಬೋಲ್ಟಿನ ನಟ್ಟುಗಳನ್ನೂ ಮತ್ತೆ ಪರೀಕ್ಷಿಸಿ. ಅದೇ ಹೊತ್ತಿಗೆ ಹೋಸ್‌ಗಳ ತುದಿಯಲ್ಲಿ ತೇವ ಇದೆಯೇ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಹೋಸ್ ಎಲ್ಲಿಯಾದರೂ ಉಜ್ಜುತ್ತಿದೆಯೇ ನೋಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ, ಕ್ಲಚ್‌ನ ಆಯಿಲ್ ಕೂಡ ಅದೇ ಜಾತಿಯದು, ಅದನ್ನೂ ಜೊತೆಗೇ.